ಹಳೆಯ ಕಾಗದಗಳಲ್ಲಿ ಮುತ್ತಜ್ಜನ ಬಾಳು

ನಿಮ್ಮ ಮುತ್ತಜ್ಜನ ಹೆಸರೇನೆಂದು ಕೇಳಿದರೆ ಎಷ್ಟು ಮಂದಿ ಥಟ್ಟನೆ ಹೇಳಬಲ್ಲಿರಿ? ನಮಗೂ ಹೆಸರೊಂದನ್ನು ಬಿಟ್ಟರೆ ಬೇರೇನೂ ತಿಳಿದಿರಲಿಲ್ಲ. ‘ಅವರು ದೊಡ್ಡ ಜಮೀನುದಾರರು’ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅಟ್ಟದ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ಬಿಡಿಸಿ ಓದಿದಾಗ ಬೇರೆಯೇ ಸಂಗತಿ ತಿಳಿದುಬಂತು.

ಮೊದಲು ಸಿಕ್ಕಿದ್ದು ಒಂದು ಚಾಲಗೇಣಿ ಚೀಟಿ. ಚಾಲಗೇಣಿಯೆಂದರೆ ವರ್ಷ ವರ್ಷವೂ ಧಣಿಯ ಮರ್ಜಿಯಂತೆ ಮುಂದುವರಿಯುವ ಒಕ್ಕಲುತನ. ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಅಳೆಯುವುದಾಗಿ ಒಪ್ಪಿ ಬರೆದುಕೊಟ್ಟವರೇ ನಮ್ಮ ಮುತ್ತಜ್ಜ! ಕೆಳಗೆ ಅವರ ರುಜುವಿರಲಿಲ್ಲ, ಗುರುತು ಮಾತ್ರವಿತ್ತು.

ಚೀಟಿಯಲ್ಲಿ ಇಸವಿಯಿಲ್ಲ, ‘ಶಾರ್ವರಿ ಸಂವತ್ಸರ’ ಎಂದಷ್ಟೇ ಇದೆ. ಸಂವತ್ಸರಗಳು 60. ಆದುದರಿಂದ ಒಂದೇ ಹೆಸರು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಶಾರ್ವರಿಯು 1900ರಲ್ಲಿಯೂ 1960ರಲ್ಲಿಯೂ 2020ರಲ್ಲಿಯೂ ಬಂದಿತು. ಇವುಗಳಲ್ಲಿ ಯಾವುದು? ಛಾಪಾ ಕಾಗದದ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆಯಿತ್ತು. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಹಾಗಾಗಿ ಚೀಟಿ 1900ರದೆಂದು ನಿಶ್ಚಯವಾಯಿತು. ರೂಪಾಯಿ, ಆಣೆ, ಪೈಗಳ ಲೆಕ್ಕವೂ ಇಂಥದೇ ಸಾಕ್ಷಿ; ನಯಾಪೈಸೆ ಬಂದದ್ದು 1957ರಲ್ಲಿ.

ಮನೆಯಲ್ಲಿ ಕಾಗದ ಉಳಿದಿರದಿದ್ದರೆ ನಿರಾಶರಾಗಬೇಕಿಲ್ಲ. ನೋಂದಣಿಯಾದ ಭೂಪತ್ರಗಳ ನಕಲು ಉಪನೋಂದಣಿ ಕಚೇರಿಯ ಪುಸ್ತಕಗಳಲ್ಲಿರುತ್ತದೆ. ಹೆಸರು, ಗ್ರಾಮ, ಅಂದಾಜು ವರ್ಷ ತಿಳಿಸಿ ಶುಲ್ಕ ಕಟ್ಟಿದರೆ ಹುಡುಕಿಸಬಹುದು. ಹೀಗೆ ನಮಗೆ ದೊರೆತದ್ದು 1912ರ ಮೂಲಗೇಣಿ ಪತ್ರ. ಮೂಲಗೇಣಿಯೆಂದರೆ ಶಾಶ್ವತ ಹಕ್ಕು. 12 ವರ್ಷ ದುಡಿದು ಮುತ್ತಜ್ಜ ಆ ನೆಲದಲ್ಲಿ ಬೇರೂರಿದ್ದರು. ಆ ಪತ್ರದಲ್ಲಿ ಅವರ ತಂದೆಯ ಹೆಸರೂ ಇತ್ತು. ಹೀಗೆ ಇನ್ನೊಂದು ತಲೆಮಾರು ತಾನಾಗಿ ತೆರೆದುಕೊಂಡಿತು.

ಹಳೆಯ ಶಾಲೆಗಳ ದಾಖಲಾತಿ ಪುಸ್ತಕವನ್ನೂ ಮರೆಯಬಾರದು. ಮರುವರ್ಷವೇ ಅಜ್ಜನನ್ನು ಶಾಲೆಗೆ ಸೇರಿಸಿದ ದಾಖಲೆ ನಮಗೆ ಅಲ್ಲಿ ಸಿಕ್ಕಿತು. ಆದರೆ ಅಂಥ ಪುಸ್ತಕದ ಜನ್ಮದಿನಾಂಕವನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಮಕ್ಕಳ ವಯಸ್ಸನ್ನು ಅಂದಾಜಿನಿಂದ ಬರೆಯುತ್ತಿದ್ದರು.

ಇಲ್ಲೊಂದು ವಿಚಾರ ಗಮನಿಸಿ. ಮುತ್ತಜ್ಜನ ಕಾಲದಲ್ಲಿ ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಮುಖ್ಯ ಕಚೇರಿ ಮಂಗಳೂರಿನಲ್ಲಿತ್ತು. 1956ರ ನವೆಂಬರ 1ರಂದು ಊರು ಕೇರಳಕ್ಕೆ ಸೇರಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ, ಆ ಮೇಲೆ ಅದೇ ನೆಲದ ಪಟ್ಟೆ ಅಜ್ಜನ ಹೆಸರಿಗಾಯಿತು. ಪಟ್ಟೆ ಮಲಯಾಳದಲ್ಲಿದೆ. ಅದಕ್ಕಾಗಿ ಸಲ್ಲಿಸಿದ ಅರ್ಜಿಯ ನಕಲಿನ ಕೆಳಗೆ ಅಜ್ಜನ ರುಜು ದುಂಡಾದ ಕನ್ನಡದಲ್ಲಿದೆ. ಗುರುತು ಹಾಕಿದವರ ಮಗ ರುಜು ಹಾಕಿದರು! ಜಮೀನುದಾರರೆಂಬ ಹೆಮ್ಮೆಗಿಂತ ಇದು ನಮಗೆ ಹೆಚ್ಚೆನಿಸಿತು.

ಮಕ್ಕಳೇ, ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಹೆಸರು, ಊರು, ಸಂವತ್ಸರಗಳನ್ನು ಬರೆದುಕೊಳ್ಳಿ. ಪೋಷಕರೇ, ಹಳೆಯ ಕಾಗದಗಳನ್ನು ಗೆದ್ದಲಿಗೆ ಬಿಡಬೇಡಿ. ಮಲಯಾಳವನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ಮುತ್ತಜ್ಜನ ಚೀಟಿಯನ್ನು ಓದಲು ಕನ್ನಡವೇ ಬೇಕು. ಅದನ್ನು ಮರೆತರೆ ಪೆಟ್ಟಿಗೆಯ ಬೀಗದ ಕೈಯನ್ನೇ ಕಳೆದುಕೊಂಡಂತೆ.