ಟೇಪು ಎಲ್ಲಿಂದ ಹಿಡಿಯಬೇಕು? ರಸ್ತೆ ಬದಿಗೆ ಅಂಗಡಿ ಹಾಕುವವರಿಗೆ

ಹಳ್ಳಿಯ ರಸ್ತೆ ಬದಿಯಲ್ಲಿ ಹೋಟೆಲ್ಲೋ, ಗ್ಯಾರೇಜೋ, ಗೊಬ್ಬರದ ಅಂಗಡಿಯೋ ಹಾಕಲು ಹೊರಟವರು ಮೊದಲು ತಟ್ಟುವುದು ಗ್ರಾಮ ಪಂಚಾಯಿತಿಯ ಬಾಗಿಲು. ಪಿಡಿಒ ಅವರನ್ನು ಕಂಡು ಲೈಸೆನ್ಸಿಗೆ ಅರ್ಜಿ ಕೊಟ್ಟರೆ ಕೆಲಸ ಮುಗಿಯಿತು ಎಂದೇ ಬಹಳ ಜನರ ನಂಬಿಕೆ. ಅಸಲಿಗೆ ಅದು ಕೊನೆಗೆ ಹೋಗಬೇಕಾದ ಬಾಗಿಲು. ಮೊದಲು ಬೇಕಾಗಿರುವುದು ಒಂದು ಉದ್ದನೆಯ ಟೇಪು, ಮತ್ತು ಅದನ್ನು ಎಲ್ಲಿಂದ ಹಿಡಿಯಬೇಕು ಎಂಬ ತಿಳಿವಳಿಕೆ.

ಎದುರಿಗಿರುವ ರಸ್ತೆ ಯಾರದು ಎಂಬುದರಿಂದ ಶುರುಮಾಡೋಣ. ಡಾಂಬರು ನೋಡಿದರೆ ಇದು ತಿಳಿಯುವುದಿಲ್ಲ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಆದರೆ ಕಲ್ಲನ್ನೇ ನಂಬಿ ಕೂರಬೇಡಿ. ರಸ್ತೆ ಮೇಲ್ದರ್ಜೆಗೆ ಏರಿ ವರ್ಷಗಳಾದರೂ ಹಳೆಯ ಕಲ್ಲು ಹಾಗೇ ನಿಂತಿರುತ್ತದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯ ಸುಪರ್ದಿಯಲ್ಲಿವೆ. ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗೆ ಬರುತ್ತವೆ. ರಾಷ್ಟ್ರೀಯ ಹೆದ್ದಾರಿಯಾದರೆ ಪ್ರಾಧಿಕಾರದ ಕಚೇರಿಯಲ್ಲೋ, ಲೋಕೋಪಯೋಗಿಯ ಹೆದ್ದಾರಿ ವಿಭಾಗದಲ್ಲೋ ಕೇಳಬೇಕು. ನಿಮ್ಮ ಮುಂದಿನ ರಸ್ತೆ ಈಗ ಯಾವ ದರ್ಜೆಯದು ಎಂದು ಎಂಜಿನಿಯರ್ ಕಚೇರಿಯಿಂದ ಬರವಣಿಗೆಯಲ್ಲೇ ಪಡೆಯಿರಿ.

ಅಳತೆ ಶುರುವಾಗುವುದು ರಸ್ತೆಯ ಅಂಚಿನಿಂದಲ್ಲ, ಮಧ್ಯದಿಂದ. ಎಡವಟ್ಟಾಗುವುದೇ ಇಲ್ಲಿ. ಡಾಂಬರಿನ ಅಂಚಿನಿಂದ ಹತ್ತಡಿ ಬಿಟ್ಟು ಪಾಯ ತೆಗೆದು, "ರಸ್ತೆಗೆ ಜಾಗ ಬಿಟ್ಟಿದ್ದೇನಲ್ಲ" ಅನ್ನುವವರು ಊರಿಗೊಬ್ಬರು ಸಿಗುತ್ತಾರೆ. ರಸ್ತೆಯ ಸ್ವಂತ ಜಾಗ ಡಾಂಬರಿಗಿಂತ ಬಹಳ ಅಗಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಬಯಲಿನಲ್ಲಿ ಹಾದುಹೋಗುವ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗೆ ಸಾಮಾನ್ಯವಾಗಿ 45 ಮೀಟರ್ ಅಗಲದ ಜಾಗ ಇರಬೇಕು. ಜಿಲ್ಲಾ ಮುಖ್ಯ ರಸ್ತೆಗೆ 25, ಇತರ ಜಿಲ್ಲಾ ರಸ್ತೆಗೆ 15, ಹಳ್ಳಿ ರಸ್ತೆಗೆ 12 ಮೀಟರ್. ರಸ್ತೆಯ ಈ ನೆಲದ ಪಟ್ಟಿ ಸರ್ಕಾರದ್ದು. ಇದರಲ್ಲಿ ಗೂಡಂಗಡಿ ಇಟ್ಟರೂ ಒತ್ತುವರಿಯೇ.

ಅದರಾಚೆಗೆ ಇನ್ನೊಂದು ಪಟ್ಟಿ ಇದೆ. ಜಾಗ ನಿಮ್ಮದು, ಪಹಣಿ ನಿಮ್ಮ ಹೆಸರಿನಲ್ಲಿದೆ, ಆದರೂ ಅಲ್ಲಿ ಕಟ್ಟುವಂತಿಲ್ಲ. ಅದರ ಗಡಿಗೆ ಕಟ್ಟಡ ರೇಖೆ ಎನ್ನುತ್ತಾರೆ. 1964ರ ಕರ್ನಾಟಕ ಹೆದ್ದಾರಿ ಕಾಯ್ದೆ ಈ ರೇಖೆ ಎಳೆಯುವ ಅಧಿಕಾರವನ್ನು ಹೆದ್ದಾರಿ ಪ್ರಾಧಿಕಾರಕ್ಕೆ ಕೊಟ್ಟಿದೆ. ಬಯಲು ಪ್ರದೇಶದ ಹೆದ್ದಾರಿಗೆ ಮಾನದಂಡ ಹೇಳುವ ಅಂತರ ರಸ್ತೆ ಮಧ್ಯದಿಂದ 40 ಮೀಟರ್, ಜಿಲ್ಲಾ ಮುಖ್ಯ ರಸ್ತೆಗೆ 25 ಮೀಟರ್. ಅದರಾಚೆ ನಿಯಂತ್ರಣ ರೇಖೆ ಅಂತ ಮತ್ತೊಂದಿದೆ. ಹೆದ್ದಾರಿಗೆ ಅದು ಮಧ್ಯದಿಂದ 75 ಮೀಟರ್. ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ 40ರಿಂದ 75 ಮೀಟರ್ ನಡುವೆ ಕಟ್ಟಬಹುದು, ಹೆದ್ದಾರಿಯವರ ಪೂರ್ವಾನುಮತಿ ಪಡೆದು.

ಲೆಕ್ಕ ಹಾಕಿದರೆ ಇದರ ಬಿಸಿ ತಿಳಿಯುತ್ತದೆ. 45 ಮೀಟರ್ ಅಗಲದ ರಾಜ್ಯ ಹೆದ್ದಾರಿಯಲ್ಲಿ ಮಧ್ಯದಿಂದ 22.5 ಮೀಟರಿಗೆ ಸರ್ಕಾರದ ಜಾಗ ಮುಗಿಯುತ್ತದೆ. ಕಟ್ಟಡ ರೇಖೆ ಇರುವುದು 40ರಲ್ಲಿ. ನಡುವೆ ಉಳಿಯುವ ನಿಮ್ಮದೇ ಜಾಗ 17.5 ಮೀಟರ್, ಅಂದರೆ ಸುಮಾರು 57 ಅಡಿ. ರಸ್ತೆಗೆ ಮುಖ ಮಾಡಿದ ಮೂವತ್ತು-ನಲವತ್ತರ ಸೈಟಿನ ಆಳ 40 ಅಡಿ. ಇಡೀ ಸೈಟೇ ಈ ಪಟ್ಟಿಯೊಳಗೆ ಬಿತ್ತು! "ಹೈವೇ ಟಚ್, ಕಮರ್ಷಿಯಲ್‌ಗೆ ಹೇಳಿ ಮಾಡಿಸಿದ್ದು" ಎಂದು ದಲ್ಲಾಳಿಗಳು ತೋರಿಸುವ ಜಾಗಗಳಲ್ಲಿ ಎಷ್ಟೋ ಹೀಗಿವೆ. ಹಳೆಯ ಹೆದ್ದಾರಿಗಳಲ್ಲಿ ಸರ್ಕಾರದ ಜಾಗ 45 ಮೀಟರಿಗಿಂತ ಕಿರಿದಾಗಿದ್ದರೆ ನಿಮ್ಮ ಜಮೀನು ಇನ್ನೂ ಹೆಚ್ಚು ಹೋಗುತ್ತದೆ. ಈ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು, ಗಿಡ ನೆಡಬಹುದು, ಗಿರಾಕಿಗಳ ಗಾಡಿ ನಿಲ್ಲಿಸಬಹುದು. ಹಾಗಾಗಿ ಢಾಬಾ, ಗ್ಯಾರೇಜಿನವರಿಗೆ ಅದು ಪೂರ್ತಿ ನಷ್ಟವೇನಲ್ಲ, ಲಾರಿ ನಿಲ್ಲಲು ಹೇಗೂ ಅಂಗಳ ಬೇಕು. ನಷ್ಟವಾಗುವುದು ಸಣ್ಣ ಸೈಟು ಕೊಂಡು ಕಿರಾಣಿ ಅಂಗಡಿ ಹಾಕಲು ಹೊರಟವರಿಗೆ.

ಊರೊಳಗೆ, ಅಂದರೆ ಮನೆ ಮಠ ಒತ್ತೊತ್ತಾಗಿ ಇರುವಲ್ಲಿ, ಲೆಕ್ಕ ಬೇರೆ. ಅಲ್ಲಿ ರಸ್ತೆ ಜಾಗದ ಗಡಿಯಿಂದ ಮೂರರಿಂದ ಆರು ಮೀಟರ್ ಬಿಟ್ಟರೆ ಸಾಕು ಎನ್ನುತ್ತದೆ ಮಾನದಂಡ. ಆದರೆ ಊರು ಎಲ್ಲಿಗೆ ಮುಗಿದು ಬಯಲು ಎಲ್ಲಿಂದ ಶುರು ಎಂಬುದನ್ನು ನೀವು ನಿರ್ಧರಿಸುವಂತಿಲ್ಲ. ನಿಮ್ಮ ರಸ್ತೆಗೆ ಅಧಿಸೂಚನೆಯಲ್ಲಿ ಬೇರೆ ಅಂತರವೇ ಇದ್ದರೆ ಅದೇ ಅಂತಿಮ.

ಟೇಪಿನ ಕೆಲಸ ಮುಗಿದ ಮೇಲೆ ಜಮೀನಿನ ಕಾಗದ. ಪಹಣಿಯಲ್ಲಿ ಖರಾಬು ಕಾಲಂ ನೋಡದೆ ಮುಂದೆ ಹೋಗಬೇಡಿ. 'ಎ' ಖರಾಬು ಬೇಸಾಯಕ್ಕೆ ಬಾರದ ಜಾಗ. 'ಬಿ' ಖರಾಬು ರಸ್ತೆ, ಹಳ್ಳ, ಬಂಡಿದಾರಿಯಂಥ ಸಾರ್ವಜನಿಕ ಬಳಕೆಯದು. ರಸ್ತೆ ಬದಿಯ ಸರ್ವೆ ನಂಬರುಗಳಲ್ಲಿ ಮುಂಭಾಗದ ನಾಲ್ಕೈದು ಗುಂಟೆ 'ಬಿ' ಖರಾಬಿನಲ್ಲಿ ಇರುವುದು ಅಪರೂಪವಲ್ಲ. ಅಂಗಡಿಗೆ ಎಲ್ಲರೂ ಕಣ್ಣು ಹಾಕುವುದು ಅದೇ ಜಾಗದ ಮೇಲೆ!

ಕೃಷಿ ಜಮೀನಾದರೆ ಸಾಮಾನ್ಯವಾಗಿ ಭೂ ಪರಿವರ್ತನೆ ಆಗಬೇಕು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಬೇಕಾದವರು ಜಮೀನಿನ ಖಾತೆದಾರರು, ಬಾಡಿಗೆಗೆ ಬಂದವರಲ್ಲ. ಜಮೀನಿನ ಸ್ವಲ್ಪ ಭಾಗಕ್ಕೆ ಮಾತ್ರ ಪರಿವರ್ತನೆ ಸಾಕೆಂದರೆ ಆ ತುಂಡಿಗೆ 11ಇ ನಕ್ಷೆ ಮಾಡಿಸಬೇಕು. ನಾಲ್ಕು ಎಕರೆಯಲ್ಲಿ ಐದು ಗುಂಟೆಯಷ್ಟೇ ಅಂಗಡಿಗೆ ಬೇಕಿದ್ದವರಿಗೆ ಇದೇ ಸರಿಯಾದ ದಾರಿ, ಉಳಿದದ್ದು ಕೃಷಿ ಜಮೀನಾಗಿಯೇ ಇರುತ್ತದೆ. ಎಂಜಿನಿಯರ್ ಕಚೇರಿಯ ಅಭಿಪ್ರಾಯವನ್ನೂ ಈ ಹಂತದಲ್ಲಿ ಕೇಳುತ್ತಾರೆ, ಟೇಪನ್ನು ಮೊದಲೇ ಹಿಡಿಯಿರಿ ಎಂದದ್ದು ಅದಕ್ಕೇ. ಕಟ್ಟಡ ರೇಖೆ ಬಿಟ್ಟ ಮೇಲೆ ಎಷ್ಟು ಗುಂಟೆ ಉಳಿಯುತ್ತದೆಂದು ಗೊತ್ತಿಲ್ಲದೆ ಪರಿವರ್ತನೆ ಶುಲ್ಕ ಕಟ್ಟಿದರೆ, ಕಟ್ಟಲಾಗದ ಜಾಗಕ್ಕೂ ದುಡ್ಡು ತೆತ್ತಂತೆ.

ಪರಿವರ್ತನೆ ಆದೇಶದಲ್ಲಿ ಉದ್ದೇಶ ಬರೆದಿರುತ್ತದೆ. ವಾಸಕ್ಕೆಂದು ಪರಿವರ್ತನೆಯಾದ ಜಾಗದಲ್ಲಿ ಹೋಟೆಲ್ ಹಾಕಲು ಮತ್ತೆ ಅನುಮತಿ ಬೇಕು, 97ನೇ ಕಲಮು ಹೇಳುವುದು ಇದನ್ನೇ. ಅನುಮತಿಯಿಲ್ಲದೆ ಬಳಸಿದರೆ ದಂಡಕ್ಕೆ 96ನೇ ಕಲಮು ಇದೆ. "ತೋಟದ ಮನೆ ಅಂತ ಕಟ್ಟಿಕೊಂಡು ಮುಂದೆ ಟೀ ಅಂಗಡಿ ಮಾಡ್ಕೊಂಡ್ರೆ ಆಯ್ತು" ಎಂಬ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಪರಿವರ್ತನೆಯಿಲ್ಲದೆ ತೋಟದ ಮನೆ ಕಟ್ಟಲು ಕಾನೂನು ಬಿಡುವುದು ಬೇಸಾಯದ ಸಾಮಾನು, ಫಸಲು, ದನಕರು ಮತ್ತು ಮನೆಮಂದಿಯ ವಾಸಕ್ಕೆ. ಅದೂ ಹಿಡುವಳಿಯ ಶೇ. 10ರ ಮಿತಿಯೊಳಗೆ. ಟೀ ಅಂಗಡಿ ಅದರಲ್ಲಿ ಬರುವುದಿಲ್ಲ.

ಊರಿನ ಗ್ರಾಮಠಾಣಾ ಗಡಿಯೊಳಗಿನ ಜಾಗಕ್ಕೆ ಪರಿವರ್ತನೆಯ ತಲೆನೋವಿಲ್ಲ. ಗುಡಿಯ ಎದುರಿನ ಹಳೇ ಮನೆಯ ಜಗಲಿಯಲ್ಲಿ ಅಂಗಡಿ ತೆರೆಯುವವರಿಗೆ ಇದೇ ದೊಡ್ಡ ಅನುಕೂಲ.

ವಲಯದ ವಿಷಯ ಬರುವುದು ಪಟ್ಟಣಕ್ಕೆ ಹತ್ತಿರದ ಹಳ್ಳಿಗಳಲ್ಲಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಸ್ಥಳೀಯ ಯೋಜನಾ ಪ್ರದೇಶ ಎಂದು ಘೋಷಿಸಿದ ಕಡೆ ಮಾಸ್ಟರ್ ಪ್ಲಾನ್ ಇರುತ್ತದೆ. ಅದರ ನಕ್ಷೆಯಲ್ಲಿ ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ. ನಿಮ್ಮ ಸರ್ವೆ ನಂಬರು ಹಸಿರು ಬಣ್ಣದ ಕೃಷಿ ವಲಯದಲ್ಲಿದ್ದರೆ ಬಟ್ಟೆ ಅಂಗಡಿಗೋ ಮೊಬೈಲ್ ಅಂಗಡಿಗೋ ಅನುಮತಿ ಸಿಗುವುದು ಕಷ್ಟ. ಪೆಟ್ರೋಲ್ ಬಂಕ್, ವೇ ಬ್ರಿಜ್‌ನಂಥ ಹೆದ್ದಾರಿ ಸೌಲಭ್ಯಗಳಿಗೆ, ಹೈನುಗಾರಿಕೆ, ಕೋಳಿ ಸಾಕಣೆಗೆ ಹಲವು ಊರುಗಳ ವಲಯ ನಿಯಮಗಳಲ್ಲಿ ಅವಕಾಶವಿದೆ. ಊರಿಂದೂರಿಗೆ ನಿಯಮ ಬೇರೆಯಾಗುವುದರಿಂದ ಪಕ್ಕದ ತಾಲ್ಲೂಕಿನ ನೆಂಟರ ಮಾತು ಕೇಳಿ ಮುಂದುವರಿಯಬೇಡಿ. ಬಂಡೀಪುರದ ಅಂಚಿನಂಥ ಕಡೆ ಪರಿಸರ ಸೂಕ್ಷ್ಮ ವಲಯದ ನಿರ್ಬಂಧ, ಕರಾವಳಿಯಲ್ಲಿ ಸಿಆರ್‌ಝಡ್ ಇದರ ಮೇಲೆ ಬಂದು ಕೂರುತ್ತವೆ.

ಇಷ್ಟಾದ ಮೇಲೆ ಪಂಚಾಯಿತಿ. ಕಟ್ಟಡಕ್ಕೆ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಡಿ ಲಿಖಿತ ಅನುಮತಿ, ವ್ಯಾಪಾರಕ್ಕೆ ಪ್ರತ್ಯೇಕ ಪರವಾನಗಿ, ಹಿಟ್ಟಿನ ಗಿರಣಿಯಂಥ ಯಂತ್ರ ಕೂರಿಸುವುದಾದರೆ ಅದಕ್ಕೊಂದು ಅನುಮತಿ. ತಿಂಡಿ ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇರೆ. ಆಸ್ತಿಯ ಇ-ಸ್ವತ್ತು ದಾಖಲೆ ನಮೂನೆ 9 ಮತ್ತು 11ಎ ಆಗಿದೆಯೋ, ಅಥವಾ 11ಬಿ ಆಗಿದೆಯೋ ನೋಡಿಕೊಳ್ಳಿ. 11ಬಿ ಅಂದರೆ ಪಂಚಾಯಿತಿ ಆ ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಕಂದಾಯ ವಸೂಲಿ ಮಾಡುತ್ತಿದೆ ಎಂದಷ್ಟೇ. ಕಂದಾಯದ ರಸೀದಿಯಾಗಲಿ, ಕರೆಂಟಿನ ಮೀಟರಾಗಲಿ ಕಟ್ಟಡವನ್ನು ಸಕ್ರಮ ಮಾಡುವುದಿಲ್ಲ. ಇಪ್ಪತ್ತು ವರ್ಷದ ರಸೀದಿಯ ಕಂತೆ ಹಿಡಿದು ತೆರವಿನ ನೋಟಿಸಿಗೆ ಉತ್ತರ ಕೊಡಲು ಹೋದವರಿಗೆ ಅಲ್ಲೇ ಇದು ಅರ್ಥವಾಗುತ್ತದೆ.

ಎಳನೀರು, ಕಬ್ಬಿನ ಹಾಲು, ಹಣ್ಣು ಮಾರುವ ತಳ್ಳುಗಾಡಿಯವರ ಪಾಡು ಇನ್ನೂ ಬೇರೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ರಕ್ಷಣೆ ಕೊಡುವುದು ನಗರದ ವ್ಯಾಪಾರಿಗಳಿಗೆ. ಪಟ್ಟಣದಲ್ಲಿ ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿ ಎಲ್ಲ ಇವೆ. ಹೆದ್ದಾರಿ ಬದಿಯಲ್ಲಿ ಅದೇ ಎಳನೀರು ಮಾರುವ ರೈತನಿಗೆ ಅಂಥದ್ದೇನೂ ಇಲ್ಲ. ಸ್ವಂತ ಹೊಲದ ಬೇಲಿಯೊಳಗೆ, ರಸ್ತೆ ಜಾಗದ ಆಚೆ ನಿಂತು ಮಾರುವುದೇ ಆತನಿಗಿರುವ ಗಟ್ಟಿ ನೆಲೆ. ನನ್ನನ್ನು ಕೇಳಿದರೆ ಇದು ಕಾನೂನಿನ ದೊಡ್ಡ ಲೋಪ. ಹೊಲದಿಂದ ನೇರವಾಗಿ ಗಿರಾಕಿಗೆ ಮಾರಿರಿ ಎಂದು ಒಂದು ಕಡೆ ಉಪದೇಶ, ಮಾರಲು ನಿಂತರೆ ಇನ್ನೊಂದು ಕಡೆ ಎತ್ತಂಗಡಿ.

ಜಾಗ ರಸ್ತೆಗೆ ಹೊಂದಿಕೊಂಡಿದ್ದರೂ ರಸ್ತೆಯಿಂದ ಒಳಗೆ ಬರಲು ದಾರಿ ಸಿಗುತ್ತದೆಂಬ ಖಾತ್ರಿಯಿಲ್ಲ. ರಾಷ್ಟ್ರೀಯ ಹೆದ್ದಾರಿಯಿಂದ ಖಾಸಗಿ ಜಾಗಕ್ಕೆ ದಾರಿ ತೆಗೆಯಲು ಪ್ರತ್ಯೇಕ ಅನುಮತಿ ಬೇಕು, ಅದಕ್ಕೆ 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ರಸ್ತೆ ಉದ್ಘಾಟನೆಯಾದ ಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿಯವರು, ಮದ್ದೂರಿನ ಹೋಟೆಲಿನವರು ಕಂಡದ್ದು ಇದರ ಇನ್ನೊಂದು ಮುಖ. ಅವರ ಅಂಗಡಿ ಇದ್ದಲ್ಲೇ ಇತ್ತು, ಲೈಸೆನ್ಸೂ ಸರಿಯಿತ್ತು, ಗಾಡಿಗಳು ಮಾತ್ರ ಊರಾಚೆಯ ಬೈಪಾಸಿನಲ್ಲಿ ಹೋದವು. ಹಾಗಾಗಿ ಎಂಜಿನಿಯರ್ ಕಚೇರಿಗೆ ಹೋದಾಗ ಕಟ್ಟಡ ರೇಖೆಯ ಜೊತೆಗೆ ಅಗಲೀಕರಣ, ಬೈಪಾಸ್ ಪ್ರಸ್ತಾವ ಇದೆಯೇ ಎಂದೂ ವಿಚಾರಿಸಿ.

ಅಗಲೀಕರಣ ಬಂದೇ ಬಂತು ಎನ್ನಿ. ರಸ್ತೆಯ ಜಾಗದೊಳಗೆ ಇದ್ದ ಶೆಡ್ಡನ್ನು ಒತ್ತುವರಿ ಎಂದೇ ಪರಿಗಣಿಸುತ್ತಾರೆ, ಅದರ ಕೆಳಗಿನ ನೆಲಕ್ಕೆ ಪರಿಹಾರದ ಪ್ರಶ್ನೆಯೇ ಬರುವುದಿಲ್ಲ. ಸ್ವಂತ ಜಾಗ ಹೋದರೆ ಭೂಸ್ವಾಧೀನ ಕಾನೂನಿನ ಪ್ರಕಾರ ಪರಿಹಾರ ಬರುತ್ತದೆ. ಆಗ ಪರಿವರ್ತನೆಯಾದ ಜಾಗವೋ ಕೃಷಿ ಜಮೀನೋ, ಕಟ್ಟಡಕ್ಕೆ ಅನುಮತಿ ಇತ್ತೋ ಇಲ್ಲವೋ ಎಂಬ ಪ್ರಶ್ನೆಗಳೇ ಮೊದಲು ಏಳುವುದು.

ಬಾಡಿಗೆಗೆ ಜಾಗ ಹಿಡಿಯುವವರು ಇನ್ನೂ ಒಂದನ್ನು ನೋಡಬೇಕು. ರಸ್ತೆ ಬದಿಯ ಎಷ್ಟೋ ಜಮೀನುಗಳು ಹಿಂದೆ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದವು. ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಎಂದರೆ ಮಾರಾಟ ಮಾತ್ರವಲ್ಲ, ಗುತ್ತಿಗೆ, ಅಡಮಾನ ಎಲ್ಲವೂ ಸೇರುತ್ತವೆ. ಸರ್ಕಾರದ ಅನುಮತಿಯಿಲ್ಲದೆ ಮಾಡಿಕೊಂಡ ಹತ್ತು ವರ್ಷದ ಗುತ್ತಿಗೆ ಕರಾರು ಅಲ್ಲಿ ನಿಲ್ಲುವುದಿಲ್ಲ, ಮುಂಗಡ ಕೊಟ್ಟಿದ್ದರೂ ಅಷ್ಟೇ. ಮಂಜೂರಾತಿಯ ಮೂಲ ಕಡತದ ನಕಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಕರಾರಿಗೆ ಸಹಿ ಹಾಕುವ ಮುಂಚೆ ಅದನ್ನು ತೆಗೆಸಿಕೊಳ್ಳಿ. ಪರಿವರ್ತನೆ ಮಾಡಿಸಿಕೊಡುವ ಹೊಣೆ ಯಾರದು, ಆಗದಿದ್ದರೆ ಮುಂಗಡ ಯಾವಾಗ ವಾಪಸ್ಸು ಎಂಬುದನ್ನೂ ಆ ಕರಾರಿನಲ್ಲೇ ಬರೆಸಿ.