ವರದಿಯನ್ನು ಕೊನೆಯ ಸಾಲಿನವರೆಗೂ ಓದಿ

ಊರಿನಿಂದ ಯಾರಾದರೂ ಚಿಕಿತ್ಸೆಗೆಂದು ಮುಂಬಯಿಗೆ ಬಂದರೆ, ಪರೇಲಿನ ಕೆ.ಇ.ಎಂ. ಇಲ್ಲವೇ ಟಾಟಾ ಆಸ್ಪತ್ರೆಯಿಂದ ಹಿಂತಿರುಗಿದ ಸಂಜೆ ಆ ದೊಡ್ಡ ಲಕೋಟೆ ನಿಮ್ಮ ಕೈಗೇ ಬರುತ್ತದೆ, ಅಲ್ಲವೇ? "ನಿನಗೆ ಇಂಗ್ಲಿಷ್ ಬರುತ್ತದಲ್ಲ, ಏನು ಬರೆದಿದ್ದಾರೆ ಹೇಳು ಮಗಾ" ಎನ್ನುತ್ತಾರೆ ಅಜ್ಜಿ. ಆದ್ದರಿಂದ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಬಗ್ಗೆ ನಾಲ್ಕು ಮಾತು.

ಹೌನ್ಸ್‌ಫೀಲ್ಡ್ ಎಂಬ ಇಂಗ್ಲೆಂಡಿನ ಇಂಜಿನಿಯರರ ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ತೋರಿಸಿತು. 1979ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಬ್ರೆಡ್ಡನ್ನು ಹೋಳು ಮಾಡಿದಂತೆ ಸ್ಕ್ಯಾನು ದೇಹವನ್ನು ಪದರ ಪದರವಾಗಿ ತೋರಿಸುತ್ತದೆ. ಇಂದು ಹೊಟ್ಟೆಯೊಂದಕ್ಕೇ ನೂರಾರು ಚಿತ್ರಗಳು.

ರೇಡಿಯಾಲಜಿಸ್ಟರು ಇವನ್ನು ಮನಬಂದಂತೆ ನೋಡುವುದಿಲ್ಲ. ಲಿವರ್ ಎಂದರೆ ಯಕೃತ್ತು, ಆಮೇಲೆ ಪಿತ್ತಕೋಶ, ಸ್ಪ್ಲೀನ್ ಎಂದರೆ ಗುಲ್ಮ, ಪ್ಯಾಂಕ್ರಿಯಾಸ್ ಎಂದರೆ ಮೇದೋಜೀರಕ, ಮೂತ್ರಪಿಂಡ, ಕರುಳು, ರಕ್ತನಾಳ, ಕೊನೆಗೆ ಬೆನ್ನುಮೂಳೆ ಮತ್ತು ಮೇಲಂಚಿನಲ್ಲಿ ಕಾಣುವ ಶ್ವಾಸಕೋಶದ ತಳ. ಒಬ್ಬೊಬ್ಬರ ಕ್ರಮ ಬೇರೆಯಿರಬಹುದು, ಆದರೆ ಕ್ರಮ ಬೇಕೇ ಬೇಕು. ಒಂದು ದೋಷ ಸಿಕ್ಕಿದೊಡನೆ ಕಣ್ಣು ತೃಪ್ತಿಪಟ್ಟು ಮುಂದೆ ಹುಡುಕುವುದನ್ನು ಬಿಡುವುದುಂಟು. ಹುಡುಕದೇ ಇದ್ದದ್ದು ಎದುರಿಗಿದ್ದರೂ ಕಾಣದು. 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ಎದೆಯ ಸ್ಕ್ಯಾನಿನಲ್ಲಿ ಗಂಟು ಹುಡುಕುತ್ತಿದ್ದ 24 ತಜ್ಞರ ಪೈಕಿ 20 ಮಂದಿಗೆ ಅಲ್ಲಿ ಬೇಕೆಂದೇ ಸೇರಿಸಿದ್ದ ಗೊರಿಲ್ಲಾದ ಚಿತ್ರ ಕಾಣಲೇ ಇಲ್ಲ!

ತಜ್ಞರೇ ಹೀಗಾದರೆ ನನ್ನಂಥವಳ ಪಾಡೇನು? ಉಡುಪಿಯಿಂದ ಬಂದಿದ್ದ ಭಾವನವರ ವರದಿಯಲ್ಲಿ ಕಿಡ್ನಿಯಲ್ಲಿ ಕಲ್ಲು ಎಂದು ಓದಿದವಳೇ, "ಅಷ್ಟೇ ಭಾವ, ಹೆದರಬೇಡಿ" ಎಂದು ಮಡಚಿಟ್ಟೆ. ಕಾಲೇಜಿಗೆ ಹೋಗುವ ಮಗಳು ಮತ್ತೆ ತೆಗೆದು ಓದಿದಳು. "ಅಮ್ಮಾ, ಶ್ವಾಸಕೋಶದ ತಳದಲ್ಲಿ ಸಣ್ಣ ಗಂಟಿದೆ, ಎದೆಯ ಸ್ಕ್ಯಾನ್ ಮಾಡಿಸಿ ಎಂದೂ ಇದೆಯಲ್ಲ!" ಮಾಡಿಸಿದೆವು. ದೇವರ ದಯೆ, ಎಂದೋ ವಾಸಿಯಾದ ಸೋಂಕಿನ ಕಲೆಯಷ್ಟೇ. ಬೇರೇನಾದರೂ ಆಗಿದ್ದರೆ?

ಅಂದಿನಿಂದ "ಲಿವರ್ ನಾರ್ಮಲ್, ಸ್ಪ್ಲೀನ್ ನಾರ್ಮಲ್" ಎಂಬ ಸಾಲುಗಳನ್ನೂ ನಾನು ಹಾರಿಸುವುದಿಲ್ಲ. ಅಲ್ಲಿಯೂ ಒಬ್ಬರು ಕಣ್ಣಿಟ್ಟು ನೋಡಿದ್ದಾರೆ ಎಂಬುದಕ್ಕೆ ಅವೇ ಸಾಕ್ಷಿ. ನೀವೂ ಕೊನೆಯವರೆಗೆ ಓದಿ. ತಿಳಿಯದ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಡಾಕ್ಟರರನ್ನೇ ಕೇಳಿ. ರೋಗ ಇಂಥದ್ದೆಂದು ನೀವು ತೀರ್ಪು ಕೊಡಬೇಡಿ. ಅಜ್ಜಿಗೆ ಮಾತ್ರ ಪಕ್ಕದಲ್ಲಿ ಕುಳಿತು, ಮೆಲ್ಲಗೆ, ಕನ್ನಡದಲ್ಲೇ ಹೇಳಿ. ಮಕ್ಕಳೇ, ನೀವು ಶಾಲೆಯಲ್ಲಿ ಕಲಿತ ಇಂಗ್ಲಿಷೂ ಮನೆಯಲ್ಲಿ ಉಳಿಸಿಕೊಂಡ ಕನ್ನಡವೂ ಒಟ್ಟಿಗೆ ಉಪಯೋಗಕ್ಕೆ ಬರುವುದು ಇಂಥ ಸಂಜೆಗಳಲ್ಲೇ.