ನಿಮಗಿದು ಗೊತ್ತೆ? ನಾಯಿಯ ಎದೆಯ ‘ಸುಯ್’ ಸದ್ದು

ನಾಯಿಯ ಎದೆಬಡಿತದ ನಡುವೆ ಕೇಳುವ ‘ಸುಯ್’ ಸದ್ದನ್ನು ಪಶುವೈದ್ಯರು ಮರ್ಮರ್ ಎನ್ನುತ್ತಾರೆ. ಅದರ ಜೋರನ್ನು 1ರಿಂದ 6ರವರೆಗೆ ಗುರುತಿಸುತ್ತಾರೆ. ಮರಿಗಳಲ್ಲಿ ಮೆಲುವಾಗಿದ್ದರೆ ಎಷ್ಟೋ ಸಲ ಐದಾರು ತಿಂಗಳೊಳಗೆ ತಾನೇ ಮಾಯವಾಗುತ್ತದೆ. ವಯಸ್ಸಾದ ಪುಟ್ಟ ತಳಿಗಳಲ್ಲಿ ಹಾಗಲ್ಲ: ಮೈಟ್ರಲ್ ಕವಾಟ ದಪ್ಪಗಾಗಿ, ಸರಿಯಾಗಿ ಮುಚ್ಚದೆ, ರಕ್ತ ಹಿಂದಕ್ಕೆ ಸೋರುತ್ತದೆ. ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗಳಿಗಂತೂ ಇದು ಎಳೆ ಪ್ರಾಯದಲ್ಲೇ ಬರಬಹುದು.

ಸ್ಟೆತಾಸ್ಕೋಪಿಗೆ ಕೇಳುವುದು ಸದ್ದು ಮಾತ್ರ. ಹೃದಯ ಎಷ್ಟು ಹಿಗ್ಗಿದೆ ಎಂದು ತೋರಿಸುವುದು ಎಕೋ ಸ್ಕ್ಯಾನ್. ನೋವಿಲ್ಲ, ಹೆಚ್ಚಿನ ನಾಯಿಗಳಿಗೆ ಅರಿವಳಿಕೆಯೂ ಬೇಡ. ದಯವಿಟ್ಟು ಮುಂದೂಡಬೇಡಿ: ಕವಾಟ ಸೋರಿ ಹಿಗ್ಗಿದ ಹೃದಯಕ್ಕೆ, ಲಕ್ಷಣ ಕಾಣುವ ಮೊದಲೇ ಪಿಮೊಬೆಂಡಾನ್ ಮಾತ್ರೆ ಕೊಟ್ಟರೆ ಹೃದಯ ವೈಫಲ್ಯ ಸುಮಾರು 15 ತಿಂಗಳು ತಡವಾಗುತ್ತದೆಂದು 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ತೋರಿಸಿತು. ನಿದ್ದೆಯಲ್ಲಿರುವ ನಾಯಿಯ ಉಸಿರನ್ನು ಮನೆಯಲ್ಲೇ ಎಣಿಸಿ. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.